ಫ್ರಾನ್ಸ್: ತೀವ್ರ ಬಲಪಂಥಕ್ಕೆ ದಾರಿ ಬಿಟ್ಟುಕೊಟ್ಟವರು ಯಾರು?

2024ರ ಜುಲೈ 7ರ ರಾತ್ರಿ ಎಂಟು ಗಂಟೆಗೆ ಫ್ರಾನ್ಸಿನ ಟಿ.ವಿ. ವಾಹಿನಿಗಳು ಸಂಸತ್ ಚುನಾವಣೆಯ ಮೊದಲ ಅಂದಾಜನ್ನು ಪ್ರಕಟಿಸಿದವು. ಪ್ಯಾರಿಸ್‌ನ ರಿಪಬ್ಲಿಕ್ ಚೌಕ ಸಂಭ್ರಮದಿಂದ ತುಂಬಿಹೋಯಿತು. ಅದಕ್ಕೆ ಕಾರಣವಿತ್ತು. ಜೂನ್ 9ರ ಯುರೋಪಿಯನ್ ಸಂಸತ್ ಚುನಾವಣೆಯಲ್ಲಿ ಮರೀನ್ ಲೆ ಪೆನ್‌ರ ನ್ಯಾಷನಲ್ ರ‍್ಯಾಲಿ ಪಕ್ಷ ಶೇ. 31ಕ್ಕೂ ಹೆಚ್ಚು ಮತ ಗಳಿಸಿತ್ತು. ಅಧ್ಯಕ್ಷ ಇಮ್ಯಾನುವೆಲ್ ಮ್ಯಾಕ್ರನ್‌ರ ಪಕ್ಷಕ್ಕೆ ಅದರ ಅರ್ಧದಷ್ಟೂ ಸಿಕ್ಕಿರಲಿಲ್ಲ. ಅದೇ ರಾತ್ರಿ ಮ್ಯಾಕ್ರನ್ ದೇಶದ ಸಂಸತ್ತನ್ನು ವಿಸರ್ಜಿಸಿದರು. ಜೂನ್ 30ರ ಮೊದಲ ಸುತ್ತಿನಲ್ಲಿ ಲೆ ಪೆನ್‌ರ ಪಕ್ಷ ಮತ್ತು ಅದರ ಮಿತ್ರರು ಶೇ. 33ರಷ್ಟು ಮತ ಪಡೆದು ಮುಂಚೂಣಿಯಲ್ಲಿದ್ದರು. ಎರಡನೇ ಮಹಾಯುದ್ಧದ ಬಳಿಕ ಮೊದಲ ಬಾರಿಗೆ ತೀವ್ರ ಬಲಪಂಥವು ಫ್ರಾನ್ಸಿನ ಸರಕಾರ ರಚಿಸಲಿದೆ ಎಂಬ ಆತಂಕ ಒಂದು ವಾರ ಕಾಲ ದೇಶವನ್ನು ಆವರಿಸಿತ್ತು. ಆದರೆ ಫಲಿತಾಂಶ ಬಂದಾಗ ಅವರು ಮೂರನೇ ಸ್ಥಾನದಲ್ಲಿದ್ದರು. 577 ಸ್ಥಾನಗಳ ಪೈಕಿ ಮಿತ್ರರನ್ನು ಸೇರಿಸಿ 143.

ಇದು ಹೇಗಾಯಿತೆಂದು ತಿಳಿಯಬೇಕಾದರೆ ಅಲ್ಲಿನ ಚುನಾವಣಾ ಪದ್ಧತಿಯನ್ನು ಅರಿಯಬೇಕು. ಫ್ರಾನ್ಸಿನಲ್ಲಿ ಸಂಸತ್ ಚುನಾವಣೆ ಎರಡು ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಸಿಗದಿದ್ದರೆ ಮೊದಲ ಇಬ್ಬರು ಎರಡನೇ ಸುತ್ತಿಗೆ ಹೋಗುತ್ತಾರೆ. ನೋಂದಾಯಿತ ಮತದಾರರ ಪೈಕಿ ಶೇ. 12.5ರಷ್ಟು ಮಂದಿಯ ಮತ ಗಳಿಸಿದ ಇತರರೂ ಅಲ್ಲಿ ಸ್ಪರ್ಧಿಸಬಹುದು. ಅಂದು ಮುನ್ನೂರರಷ್ಟು ಕ್ಷೇತ್ರಗಳಲ್ಲಿ ತ್ರಿಕೋನ ಸ್ಪರ್ಧೆಯ ಸಾಧ್ಯತೆಯಿತ್ತು. ತ್ರಿಕೋನ ಸ್ಪರ್ಧೆಯೆಂದರೆ ಲೆ ಪೆನ್‌ರ ಅಭ್ಯರ್ಥಿಗೆ ಮೂರನೇ ಒಂದು ಭಾಗ ಮತ ಸಾಕು. ಉಳಿದವರು ಪರಸ್ಪರ ಕಚ್ಚಾಡುತ್ತಾ ಅವರನ್ನು ಗೆಲ್ಲಿಸುತ್ತಾರೆ. ಹಿಂದೆ ಸರಿಯಲು ಇದ್ದ ಗಡುವು ಮಂಗಳವಾರ ಸಂಜೆ ಆರು ಗಂಟೆ. ಅಷ್ಟರೊಳಗೆ ಇನ್ನೂರಕ್ಕೂ ಹೆಚ್ಚು ಅಭ್ಯರ್ಥಿಗಳು ಕಣದಿಂದ ಹಿಂದೆ ಸರಿದರು. ಅವರಲ್ಲಿ ಬಹುಪಾಲು ಎಡಪಂಥೀಯರು.

ಈ ತ್ಯಾಗ ಸಣ್ಣದಲ್ಲ. ಕಲ್ವಾದೋಸ್ ಪ್ರದೇಶದ ಒಂದು ಕ್ಷೇತ್ರದಲ್ಲಿ ಎಡ ಅಭ್ಯರ್ಥಿ ಹಿಂದೆ ಸರಿದುದು ಮಾಜಿ ಪ್ರಧಾನಿ ಎಲಿಸಬೆತ್ ಬೋರ್ನ್‌ಗಾಗಿ. 2023ರಲ್ಲಿ ನಿವೃತ್ತಿ ವಯಸ್ಸನ್ನು 62ರಿಂದ 64ಕ್ಕೆ ಏರಿಸುವ ಕಾನೂನನ್ನು ಸಂಸತ್ತಿನ ಅಂತಿಮ ಮತದಾನವಿಲ್ಲದೆಯೇ ಜಾರಿಗೆ ತಂದ ಪ್ರಧಾನಿ ಅವರೇ. ಅದರ ವಿರುದ್ಧ ತಿಂಗಳುಗಟ್ಟಲೆ ಬೀದಿಯಲ್ಲಿದ್ದವರು ಇದೇ ಎಡಪಂಥೀಯರು. ಉತ್ತರದ ಇನ್ನೊಂದು ಕ್ಷೇತ್ರದಲ್ಲಿ ಎಡ ಅಭ್ಯರ್ಥಿ ಗೃಹ ಸಚಿವ ಜೆರಾಲ್ಡ್ ದರ್ಮನಾನ್‌ಗಾಗಿ ಜಾಗ ಬಿಟ್ಟುಕೊಟ್ಟರು. 2021ರ ಫೆಬ್ರವರಿಯ ಟಿ.ವಿ. ಚರ್ಚೆಯೊಂದರಲ್ಲಿ, ಇಸ್ಲಾಮ್‌ವಾದದ ವಿಚಾರದಲ್ಲಿ ಮರೀನ್ ಲೆ ಪೆನ್ ಮೆತ್ತಗಾಗಿದ್ದಾರೆಂದು ಆಕ್ಷೇಪಿಸಿದ್ದು ಇದೇ ದರ್ಮನಾನ್. ಲೆ ಪೆನ್‌ರನ್ನು ತಡೆಯಲಿಕ್ಕಾಗಿ, ಲೆ ಪೆನ್‌ರಿಗೇ ಕಠಿಣತೆಯ ಪಾಠ ಹೇಳಿದವರನ್ನು ಗೆಲ್ಲಿಸಬೇಕಾಯಿತು. ಎಷ್ಟೋ ಮುಸ್ಲಿಮ್ ಮತದಾರರೂ ಅಂದು ಇಂತಹದೇ ಆಯ್ಕೆಯನ್ನು ಎದುರಿಸಿದರು. ಇನ್ನೊಂದೆಡೆ, ಮ್ಯಾಕ್ರನ್ ಪಾಳಯದ ಕೆಲವು ಹಿರಿಯ ನಾಯಕರು ಮಾತ್ರ, ಎಡಮೈತ್ರಿಯ ದೊಡ್ಡ ಪಕ್ಷಕ್ಕೂ ತಮ್ಮ ಮತವಿಲ್ಲವೆಂದು ಬಹಿರಂಗವಾಗಿಯೇ ಹೇಳಿದರು.

ಫಲಿತಾಂಶದ ಬಳಿಕ ಏನಾಯಿತು ಎಂಬುದೇ ನಮ್ಮ ಈ ಬರಹಕ್ಕೆ ಕಾರಣ.

ಅತಿ ಹೆಚ್ಚು ಸ್ಥಾನ ಗಳಿಸಿದ ಎಡಮೈತ್ರಿಗೆ ಸರಕಾರ ರಚಿಸಲು ಆಹ್ವಾನ ಬರಲಿಲ್ಲ. ಪ್ರಾಮಾಣಿಕವಾಗಿ ಹೇಳುವುದಾದರೆ, ಆ ಮೈತ್ರಿಕೂಟವೂ ಸಮಯ ವ್ಯರ್ಥ ಮಾಡಿತು. ತನ್ನ ಪ್ರಧಾನಿ ಅಭ್ಯರ್ಥಿ ಯಾರೆಂದು ನಿರ್ಧರಿಸಲು ಅದಕ್ಕೆ ಎರಡು ವಾರಕ್ಕೂ ಹೆಚ್ಚು ಸಮಯ ಬೇಕಾಯಿತು. ಒಬ್ಬರು ಸೂಚಿಸಿದ ಹೆಸರನ್ನು ಇನ್ನೊಬ್ಬರು ತಳ್ಳಿಹಾಕುವ ಆ ಜಗಳ ಟಿ.ವಿ.ಯಲ್ಲಿ ನಿತ್ಯದ ಸುದ್ದಿಯಾಗಿತ್ತು. ಸೆಪ್ಟೆಂಬರ್ 5ರಂದು ಮ್ಯಾಕ್ರನ್ ಅವರು ಮಿಷೆಲ್ ಬಾರ್ನಿಯೆಯವರನ್ನು ಪ್ರಧಾನಿಯಾಗಿ ನೇಮಿಸಿದರು. ಬಾರ್ನಿಯೆಯವರದು ಸಂಸತ್ತಿನಲ್ಲಿ ಐವತ್ತು ಸದಸ್ಯರ ಗುಂಪೂ ಇಲ್ಲದ ಸಾಂಪ್ರದಾಯಿಕ ಬಲಪಂಥೀಯ ಪಕ್ಷ. ಅವರ ಸರಕಾರ ಉಳಿಯುವುದೂ ಅಳಿಯುವುದೂ ಮೂರನೇ ಸ್ಥಾನದಲ್ಲಿದ್ದ ಲೆ ಪೆನ್‌ರ ಮರ್ಜಿಗೆ ಬಿಟ್ಟ ವಿಷಯವಾಯಿತು. ಡಿಸೆಂಬರ್ 4ರಂದು ಲೆ ಪೆನ್‌ರ ಸದಸ್ಯರು ಎಡಪಂಥದ ಅವಿಶ್ವಾಸ ಗೊತ್ತುವಳಿಗೆ ಕೈಜೋಡಿಸಿದರು. 331 ಮತಗಳೊಂದಿಗೆ ಸರಕಾರ ಬಿತ್ತು. 1962ರ ಬಳಿಕ ಫ್ರಾನ್ಸಿನಲ್ಲಿ ಹಾಗಾದುದು ಅದೇ ಮೊದಲು. ಬಳಿಕ ಬಂದ ಫ್ರಾಂಸ್ವಾ ಬೈರು 2025ರ ಸೆಪ್ಟೆಂಬರ್ 8ರಂದು ಬಿದ್ದರು. ಅಷ್ಟರೊಳಗೆ ಎಡಮೈತ್ರಿಯೂ ಒಡೆದಿತ್ತು: ಬೈರು ಸರಕಾರವನ್ನು ಬೀಳಿಸಬೇಕೇ ಬೇಡವೇ ಎಂಬಲ್ಲಿ ಸಮಾಜವಾದಿಗಳೂ ಮೆಲೆನ್‌ಶೋನ್‌ರ ಪಕ್ಷವೂ ಬೇರೆ ಬೇರೆ ದಾರಿ ಹಿಡಿದಿದ್ದವು.

ಮತದಾರರು ಮೂರನೇ ಸ್ಥಾನಕ್ಕೆ ತಳ್ಳಿದ ಪಕ್ಷವು ಐದೇ ತಿಂಗಳಲ್ಲಿ ಸರಕಾರಗಳ ಆಯುಷ್ಯವನ್ನು ನಿರ್ಧರಿಸುವ ಪಕ್ಷವಾಗಿ ಮಾರ್ಪಟ್ಟಿತು. ಜುಲೈ 7ರಂದು ಒಂದಾದವರಿಗೆ ಯಾರು ಬರಬಾರದು ಎಂಬ ಬಗ್ಗೆ ಒಮ್ಮತವಿತ್ತು. ಯಾರಿಗಾಗಿ ಒಂದಾಗಿದ್ದೇವೆ ಎಂಬ ಬಗ್ಗೆ ಇರಲಿಲ್ಲ. ನಮ್ಮ ಪ್ರಕಾರ, ಕಳೆದ ಕಾಲು ಶತಮಾನದ ಫ್ರಾನ್ಸಿನ ರಾಜಕೀಯವನ್ನು ಅರ್ಥ ಮಾಡಿಕೊಳ್ಳಲು ಈ ವ್ಯತ್ಯಾಸ ಮುಖ್ಯ.

2002ರ ಏಪ್ರಿಲ್ 21ಕ್ಕೆ ಹೋಗೋಣ. ಅಂದಿನ ಅಧ್ಯಕ್ಷೀಯ ಚುನಾವಣೆಯಲ್ಲಿ 16 ಅಭ್ಯರ್ಥಿಗಳಿದ್ದರು. ಸಮಾಜವಾದಿ ಪ್ರಧಾನಿ ಲಿಯೊನೆಲ್ ಜೋಸ್ಪಾನ್ ಎರಡನೇ ಸುತ್ತಿಗೆ ಬಂದೇ ಬರುತ್ತಾರೆಂದು ಎಲ್ಲರೂ ನಂಬಿದ್ದರು. ಆದ್ದರಿಂದ ಮೊದಲ ಸುತ್ತಿನಲ್ಲಿ ಎಡಪಂಥೀಯ ಮತದಾರರು ತಮ್ಮ ತಮ್ಮ ಇಷ್ಟದ ಕಡೆಗೆ ಹೋದರು. ಜೋಸ್ಪಾನ್‌ರಿಗೆ ಶೇ. 16.18 ಮತ ಬಂತು. ನ್ಯಾಷನಲ್ ಫ್ರಂಟ್‌ನ ಜೀನ್ ಮರೀ ಲೆ ಪೆನ್‌ಗೆ ಶೇ. 16.86. ಅಂತರ ಎರಡು ಲಕ್ಷ ಮತಗಳಿಗಿಂತಲೂ ಕಡಿಮೆ. ಜೋಸ್ಪಾನ್ ಸಂಪುಟದಲ್ಲೇ ಗೃಹ ಸಚಿವರಾಗಿದ್ದ ಶೆವೆನ್‌ಮಾನ್ ಪ್ರತ್ಯೇಕ ಸ್ಪರ್ಧಿಸಿ 15 ಲಕ್ಷ ಮತ ಪಡೆದಿದ್ದರು. ಕ್ರಿಸ್ಟಿಯಾನ್ ತೊಬಿರಾ ಪಡೆದುದು ಆರೂವರೆ ಲಕ್ಷಕ್ಕೂ ಹೆಚ್ಚು. ನಾಝಿ ಅನಿಲ ಕೋಣೆಗಳನ್ನು ಇತಿಹಾಸದ ಒಂದು ಸಣ್ಣ ವಿವರವೆಂದು 1987ರಲ್ಲಿ ಹೇಳಿದ್ದ ವ್ಯಕ್ತಿ ಫ್ರಾನ್ಸಿನ ಅಧ್ಯಕ್ಷ ಹುದ್ದೆಯ ಅಂತಿಮ ಇಬ್ಬರಲ್ಲಿ ಒಬ್ಬರಾದರು.

ಆಗ ದೇಶ ಎಚ್ಚೆತ್ತಿತು. ಮೇ 1ರಂದು ದೇಶದಾದ್ಯಂತ ಹತ್ತು ಲಕ್ಷಕ್ಕೂ ಹೆಚ್ಚು ಜನ ಬೀದಿಗಿಳಿದರು. ಮೂಗಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿಕೊಂಡಾದರೂ ಬಲಪಂಥೀಯ ಜಾಕ್ ಶಿರಾಕ್‌ರಿಗೆ ಮತ ಹಾಕುತ್ತೇವೆಂದು ಎಡಪಂಥೀಯರು ಹೇಳಿದರು. ಹಾಕಿದರು ಕೂಡ. ಮೇ 5ರಂದು ಶಿರಾಕ್ ಶೇ. 82 ಮತ ಪಡೆದು ಗೆದ್ದರು. ಮರುತಿಂಗಳ ಸಂಸತ್ ಚುನಾವಣೆಯಲ್ಲಿ ನ್ಯಾಷನಲ್ ಫ್ರಂಟ್‌ಗೆ ಒಂದು ಸ್ಥಾನವೂ ಸಿಗಲಿಲ್ಲ. ತೀವ್ರ ಬಲಪಂಥ ಸೋತಿತು ಎಂದೇ ಎಲ್ಲರೂ ಬರೆದರು.

ಇನ್ನು ಮುಂದಿನದನ್ನು ಗಮನಿಸಿ. 2004ರ ಮಾರ್ಚ್ 15ರಂದು ಫ್ರಾನ್ಸ್ ಸರಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸುವ ಕಾನೂನು ಮಾಡಿತು. ಸಿಖ್ ಬಾಲಕರ ಪೇಟವೂ ಅದರಲ್ಲಿ ಸಿಲುಕಿತೆಂಬುದು ನಿಜ, ಆದರೆ ಗುರಿ ಮುಸ್ಲಿಮ್ ಬಾಲಕಿಯರ ಶಿರವಸ್ತ್ರವೆಂಬುದು ಗುಟ್ಟಾಗಿರಲಿಲ್ಲ. ಸಂಸತ್ತಿನಲ್ಲಿ ಅದರ ಪರ 494 ಮತ ಬಿದ್ದವು, ವಿರೋಧವಾಗಿ 36. ಆ ಸದನದಲ್ಲಿ ನ್ಯಾಷನಲ್ ಫ್ರಂಟ್‌ನ ಒಬ್ಬ ಸದಸ್ಯನೂ ಇರಲಿಲ್ಲ. ಕಾನೂನಿಗೆ ಸಹಿ ಹಾಕಿದ ಅಧ್ಯಕ್ಷರು ಶಿರಾಕ್. ಬೆಂಬಲಿಸಿದವರಲ್ಲಿ ಸಮಾಜವಾದಿಗಳೂ ಇದ್ದರು. ಎರಡು ವರ್ಷಗಳ ಹಿಂದೆ ಲೆ ಪೆನ್‌ರನ್ನು ತಡೆಯಲು ಮೂಗು ಹಿಡಿದು ಮತ ಹಾಕಿದ ಪಾಲಕರ ಹೆಣ್ಣುಮಕ್ಕಳು ಶಾಲಾ ದ್ವಾರದಲ್ಲಿ ಶಿರವಸ್ತ್ರ ತೆಗೆಯುವಂತಾಯಿತು. (ಅಂದಹಾಗೆ, ಕರ್ನಾಟಕದ ಉಚ್ಚ ನ್ಯಾಯಾಲಯವು ಹಿಜಾಬ್ ಪ್ರಕರಣದ ತೀರ್ಪು ನೀಡಿದ್ದೂ ಮಾರ್ಚ್ 15ರಂದೇ, 2022ರಲ್ಲಿ. ಕಾಕತಾಳೀಯವಷ್ಟೇ. ಆದರೆ ಶಾಲಾ ದ್ವಾರದ ಆ ನೋವು ಏನೆಂದು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ.) ಮುಖ ಮುಚ್ಚುವ ಉಡುಪನ್ನು ನಿಷೇಧಿಸಿದ 2010ರ ಕಾನೂನನ್ನು ಮಾಡಿದ ಸದನದಲ್ಲೂ ನ್ಯಾಷನಲ್ ಫ್ರಂಟ್‌ನ ಸದಸ್ಯರಿರಲಿಲ್ಲ. 2023ರಲ್ಲಿ ಶಾಲೆಗಳಲ್ಲಿ ಅಬಾಯ ನಿಷೇಧಿಸಿದ್ದು ಮ್ಯಾಕ್ರನ್ ಸರಕಾರ. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ತಂದ ವಲಸೆ ಕಾನೂನನ್ನು ಮರೀನ್ ಲೆ ಪೆನ್ ತಮ್ಮ ವಿಚಾರಧಾರೆಯ ವಿಜಯವೆಂದು ಬಣ್ಣಿಸಿದರು. ಅದರ ಹಲವು ವಿಧಿಗಳನ್ನು ಮರುತಿಂಗಳು ಸಂವಿಧಾನ ಮಂಡಳಿಯೇ ತೆಗೆದುಹಾಕಬೇಕಾಯಿತು.

ತೀವ್ರ ಬಲಪಂಥಕ್ಕೆ ಓಟು ಹೋಗದಂತೆ ತಡೆಯಲು ಅದರ ಮಾತುಗಳನ್ನೇ ಎರವಲು ಪಡೆಯುವುದು ಜಾಣತನವೆಂದು ಮಧ್ಯಪಂಥೀಯರು ಭಾವಿಸಿದರು. ಜನರು ನಕಲಿಗಿಂತ ಅಸಲನ್ನೇ ಆರಿಸುತ್ತಾರೆಂದು ಹಿರಿಯ ಲೆ ಪೆನ್ ಹೇಳುತ್ತಲೇ ಬಂದಿದ್ದರು. ಅವರ ಲೆಕ್ಕ ತಪ್ಪಲಿಲ್ಲ. 2002ರ ಎರಡನೇ ಸುತ್ತಿನಲ್ಲಿ ತಂದೆಗೆ ಶೇ. 17.8 ಮತ ಸಿಕ್ಕಿತ್ತು. 2017ರಲ್ಲಿ ಮಗಳಿಗೆ ಶೇ. 33.9, 2022ರಲ್ಲಿ ಶೇ. 41.5. ಸಂಸತ್ತಿನಲ್ಲಿ 2017ರಲ್ಲಿ ಎಂಟು, 2022ರಲ್ಲಿ 89, 2024ರಲ್ಲಿ ಮಿತ್ರರೊಂದಿಗೆ 143.

ಹಾಗಾದರೆ ಲೆ ಪೆನ್‌ರಿಗೆ ಮತ ಹಾಕುವವರೆಲ್ಲರೂ ಮುಸ್ಲಿಮ್ ದ್ವೇಷಿಗಳೇ? ನಮ್ಮಲ್ಲಿ ಹಲವರು ಹಾಗೆಂದು ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ಉತ್ತರ ಫ್ರಾನ್ಸಿನ ಎನಾನ್-ಬೊಮೊನ್ ಎಂಬ ಪಟ್ಟಣದ ಕಥೆ ಬೇರೆಯದನ್ನು ಹೇಳುತ್ತದೆ. ಇದು ಕಲ್ಲಿದ್ದಲು ಗಣಿಗಳ ನಾಡು. ತಲೆಮಾರುಗಳಿಂದ ಎಡಪಂಥಕ್ಕೆ ಮತ ಹಾಕಿದ ಊರು. ಆ ಪ್ರದೇಶದ ಕೊನೆಯ ಗಣಿ 1990ರಲ್ಲಿ ಮುಚ್ಚಿತು. ಪಕ್ಕದ ಲೋಹ ಕರಗಿಸುವ ಕಾರ್ಖಾನೆ 2003ರಲ್ಲಿ ಬಾಗಿಲೆಳೆದಾಗ 800ಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಊರಿನ ಎಡಪಂಥೀಯ ಮೇಯರ್ ಹಣ ದುರುಪಯೋಗದ ಪ್ರಕರಣದಲ್ಲಿ 2009ರಲ್ಲಿ ಬಂಧಿತರಾಗಿ ಹುದ್ದೆಯಿಂದ ತೆಗೆದುಹಾಕಲ್ಪಟ್ಟರು. ಅಲ್ಲಿ ಮರೀನ್ ಲೆ ಪೆನ್ ಬೇರುಬಿಟ್ಟರು. 2014ರಲ್ಲಿ ಪುರಸಭೆ ಅವರ ಪಕ್ಷದ ಪಾಲಾಯಿತು. 2024ರಲ್ಲಿ ಆ ಕ್ಷೇತ್ರದಿಂದ ಅವರು ಮೊದಲ ಸುತ್ತಿನಲ್ಲೇ ಗೆದ್ದರು.

ಅದೇ ಗಣಿಗಳೊಳಗೆ ಇನ್ನೊಬ್ಬ ಕಾರ್ಮಿಕನೂ ಇದ್ದ. ಅರುವತ್ತು-ಎಪ್ಪತ್ತರ ದಶಕಗಳಲ್ಲಿ ದಕ್ಷಿಣ ಮೊರೊಕ್ಕೊದ ಹಳ್ಳಿಗಳಿಂದ ಸಾವಿರಾರು ಯುವಕರನ್ನು ಆರಿಸಿ ಈ ಗಣಿಗಳಿಗೆ ತರಲಾಯಿತು. ಅವರಿಗೆ ಅವಧಿಯ ಗುತ್ತಿಗೆ. ಫ್ರೆಂಚ್ ಕಾರ್ಮಿಕನಿಗಿದ್ದ ಸೌಲಭ್ಯಗಳಿಲ್ಲ. ಮುಪ್ಪಿನಲ್ಲಿ ಅವರು ಸಮಾನತೆಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. ಭೂಗರ್ಭದಲ್ಲಿ ಒಂದೇ ಧೂಳನ್ನು ನುಂಗಿದ ಇಬ್ಬರ ಮೊಮ್ಮಕ್ಕಳು ಇಂದು ಒಂದೇ ಬೀದಿಯಲ್ಲಿ ಕೆಲಸವಿಲ್ಲದೆ ಕುಳಿತಿದ್ದಾರೆ. ಒಬ್ಬನೊಡನೆ ಲೆ ಪೆನ್ ಪಕ್ಷ ಹೇಳಿತು: ನಿನ್ನ ಕೆಲಸ ಕಸಿದವನು ಇವನೇ. ಎಡಪಂಥ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತನಾಡಬೇಕಿತ್ತು. ಆದರೆ ಅದು ಒಬ್ಬನ ಬಗ್ಗೆ ಮಾತನಾಡುವುದನ್ನು ಬಿಟ್ಟಿತು, ಇನ್ನೊಬ್ಬನ ಬಗ್ಗೆ ಮಾತನಾಡಲು ಹೆದರಿತು.

ಈ ಹೆದರಿಕೆಗೆ ಒಂದು ಉದಾಹರಣೆಯಿದೆ. 2019ರ ಅಕ್ಟೋಬರ್ 28ರಂದು ಬಯೋನ್ ನಗರದ ಮಸೀದಿಯ ಎದುರು ಗುಂಡು ಹಾರಾಟವಾಯಿತು, ಇಬ್ಬರು ಗಾಯಗೊಂಡರು. ಆರೋಪಿ 84ರ ವೃದ್ಧ, ಹಿಂದೆ ನ್ಯಾಷನಲ್ ಫ್ರಂಟ್‌ನಿಂದ ಸ್ಥಳೀಯ ಚುನಾವಣೆಗೆ ನಿಂತವನು. ನವೆಂಬರ್ 10ರಂದು ಪ್ಯಾರಿಸ್‌ನಲ್ಲಿ ಇಸ್ಲಾಮೋಫೋಬಿಯಾ ವಿರುದ್ಧ ಮೆರವಣಿಗೆ ನಡೆಯಿತು. ಮೆಲೆನ್‌ಶೋನ್ ಬಂದರು, ಸಮಾಜವಾದಿ ಪಕ್ಷ ದೂರ ಉಳಿಯಿತು. ಇಸ್ಲಾಮೋಫೋಬಿಯಾ ಎಂಬ ಪದವನ್ನು ಬಳಸಬಹುದೇ, ಸಂಘಟಕರು ಯಾರು ಎಂಬುದೇ ವಾರಗಟ್ಟಲೆ ಚರ್ಚೆಯಾಯಿತು. ಗುಂಡೇಟು ತಿಂದವರು ಆ ಚರ್ಚೆಯಲ್ಲಿ ಮಾಯವಾದರು. 2022ರಲ್ಲಿ ರೂಪುಗೊಂಡ ಎಡಮೈತ್ರಿ ಒಡೆದುದು ಕೂಡ 2023ರ ಅಕ್ಟೋಬರ್ 7ರ ಬಳಿಕ, ಹಮಾಸ್ ದಾಳಿಯನ್ನು ಯಾವ ಪದದಿಂದ ಕರೆಯಬೇಕೆಂಬ ಜಗಳದಲ್ಲಿ.

ಇಲ್ಲಿ ನಮ್ಮ ಸಮುದಾಯದ ಬಗ್ಗೆಯೂ ಒಂದು ಮಾತು ಹೇಳಬೇಕು. 2015ರ ನವೆಂಬರ್ 13ರಂದು ಪ್ಯಾರಿಸ್‌ನಲ್ಲಿ 130 ಮಂದಿಯನ್ನು ಕೊಂದವರು, 2020ರಲ್ಲಿ ಒಬ್ಬ ಶಾಲಾ ಶಿಕ್ಷಕರನ್ನು ಕತ್ತು ಕೊಯ್ದು ಕೊಂದವನು ಇಸ್ಲಾಮಿನ ಹೆಸರು ಹೇಳಿಕೊಂಡೇ ಅದನ್ನು ಮಾಡಿದರು. ಲೆ ಪೆನ್ ಪಕ್ಷದ ಹತ್ತು ವರ್ಷಗಳ ಭಾಷಣಗಳಿಗೆ ಸಾಲದ ಕೆಲಸವನ್ನು ಆ ಒಂದೊಂದು ದಿನ ಮಾಡಿಬಿಟ್ಟಿತು. ಅದರ ಬೆಲೆ ತೆರುತ್ತಿರುವುದು ಫ್ರಾನ್ಸಿನ ಸುಮಾರು ಐವತ್ತು ಲಕ್ಷಕ್ಕೂ ಮಿಕ್ಕ ಸಾಮಾನ್ಯ ಮುಸ್ಲಿಮರು. ಬಲಪಂಥದ ಏಳಿಗೆಯ ಬಗ್ಗೆ ಬರೆಯುವಾಗ ಈ ಪುಟವನ್ನು ಮಡಚಿಟ್ಟು ಬರೆಯಲು ನಮಗೆ ಸಾಧ್ಯವಿಲ್ಲ.

ಇಷ್ಟಕ್ಕೂ ಒಡಕಿನ ಬೆಲೆ ಎಷ್ಟೆಂದು ತಿಳಿಯಲು ನೆರೆಯ ಇಟಲಿಯನ್ನು ನೋಡಬಹುದು. 2022ರ ಸೆಪ್ಟೆಂಬರ್ 25ರಂದು ಜಾರ್ಜಿಯಾ ಮೆಲೋನಿ ನೇತೃತ್ವದ ಬಲಪಂಥೀಯ ಮೈತ್ರಿಗೆ ಬಂದುದು ಸುಮಾರು ಶೇ. 44 ಮತ. ಎದುರಾಳಿಗಳಾದ ಎಡ-ಮಧ್ಯ ಮೈತ್ರಿ, ಫೈವ್ ಸ್ಟಾರ್ ಮೂವ್‌ಮೆಂಟ್ ಮತ್ತು ಮಧ್ಯಪಂಥೀಯ ಕೂಟಕ್ಕೆ ಒಟ್ಟಾಗಿ ಬಂದುದು ಸುಮಾರು ಶೇ. 49. ಆದರೆ 400 ಸ್ಥಾನಗಳ ಕೆಳಮನೆಯಲ್ಲಿ ಮೆಲೋನಿ ಮೈತ್ರಿಗೆ 237. ಅಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಸ್ಥಾನಗಳಿಗೆ, ನಮ್ಮಲ್ಲಿರುವಂತೆ, ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರು ಗೆಲ್ಲುತ್ತಾರೆ. ಎದುರಾಳಿಗಳು ಮೂವರು ಬೇರೆ ಬೇರೆಯಾಗಿ ನಿಂತರು. ಮಧ್ಯಪಂಥದ ನಾಯಕ ಕಲೆಂಡಾ ಆಗಸ್ಟ್ ಆರಂಭದಲ್ಲಿ ಡೆಮಾಕ್ರಟಿಕ್ ಪಕ್ಷದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿ ಒಂದು ವಾರದೊಳಗೆ ಮುರಿದರು. ನಾಲ್ಕು ವರ್ಷಗಳ ಹಿಂದೆ ಕೇವಲ ಶೇ. 4.4 ಮತ ಪಡೆದಿದ್ದ, ಮುಸ್ಸೋಲಿನಿಯ ಅನುಯಾಯಿಗಳು 1946ರಲ್ಲಿ ಕಟ್ಟಿದ ಪಕ್ಷದ ಜ್ವಾಲೆಯ ಚಿಹ್ನೆಯನ್ನು ಇಂದಿಗೂ ಹೊತ್ತಿರುವ ಪಕ್ಷದ ನಾಯಕಿ ಪ್ರಧಾನಿಯಾದರು.

ಆದರೆ ಕೇವಲ ಒಂದಾದರೆ ಸಾಕೆಂದು ಹೇಳುವವರಿಗೆ ಹಂಗೇರಿ ಉತ್ತರಿಸುತ್ತದೆ. 2022ರ ಏಪ್ರಿಲ್‌ನಲ್ಲಿ ಆರು ವಿರೋಧ ಪಕ್ಷಗಳು ಒಬ್ಬನೇ ಪ್ರಧಾನಿ ಅಭ್ಯರ್ಥಿಯನ್ನು ಮುಂದಿಟ್ಟು ವಿಕ್ಟರ್ ಓರ್ಬಾನ್ ವಿರುದ್ಧ ನಿಂತವು. ಓರ್ಬಾನ್ ಮೂರನೇ ಎರಡು ಬಹುಮತದಿಂದ ಗೆದ್ದರು. ಓರ್ಬಾನ್‌ರನ್ನು ಇಳಿಸುವುದರ ಹೊರತು ಆ ಆರು ಪಕ್ಷಗಳನ್ನು ಕೂಡಿಸುವ ಇನ್ನೇನಿತ್ತು?

ಪ್ರವಾದಿ(ಸ)ರ ಯೌವನದ ಒಂದು ಘಟನೆಯನ್ನು ಇಲ್ಲಿ ಸ್ಮರಿಸಬೇಕೆನಿಸುತ್ತದೆ. ಯಮನ್ ಕಡೆಯ ವ್ಯಾಪಾರಿಯೊಬ್ಬ ಮಕ್ಕಾದ ಪ್ರಬಲ ವ್ಯಕ್ತಿಗೆ ಸರಕು ಮಾರಿದ, ಹಣ ಸಿಗಲಿಲ್ಲ. ಆತನಿಗೆ ಊರಿನಲ್ಲಿ ಬಂಧುಬಳಗವಿರಲಿಲ್ಲ. ಆತನ ಮೊರೆ ಕೇಳಿ ಕೆಲವು ಕುಲಗಳ ಪ್ರಮುಖರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಮಕ್ಕಾದಲ್ಲಿ ಮರ್ದಿತನಾದವನು ಯಾರೇ ಆಗಿರಲಿ, ಹಕ್ಕು ಮರಳಿ ಸಿಗುವವರೆಗೆ ಆತನ ಜೊತೆ ನಿಲ್ಲುತ್ತೇವೆಂದು ಪ್ರತಿಜ್ಞೆ ಮಾಡಿದರು. ಅದೇ ಹಿಲ್ಫುಲ್ ಫುಝೂಲ್. ಅಲ್ಲಿದ್ದವರಲ್ಲಿ ವಿಗ್ರಹಾರಾಧಕರಿದ್ದರು, ಪರಸ್ಪರ ಪೈಪೋಟಿಯ ಕುಲಗಳವರಿದ್ದರು. ಪ್ರವಾದಿತ್ವದ ಬಳಿಕವೂ ಪ್ರವಾದಿ(ಸ)ರು ಆ ಒಪ್ಪಂದವನ್ನು ಹೆಮ್ಮೆಯಿಂದ ನೆನೆದರು. ಈಗಲೂ ಕರೆದರೆ ಹೋಗುವೆನೆಂದರು. ಆ ಒಪ್ಪಂದದ ಕೇಂದ್ರದಲ್ಲಿ ಇದ್ದುದು ಮಕ್ಕಾದ ನಾಯಕತ್ವ ಯಾರಿಗೆ ಎಂಬ ಪ್ರಶ್ನೆಯಲ್ಲ, ಒಬ್ಬ ಪರದೇಶಿ ವ್ಯಾಪಾರಿಯ ಬಾಕಿ ಹಣ.

ಫ್ರಾನ್ಸಿನ ಮುಸ್ಲಿಮರು ಇಂತಹ ಒಪ್ಪಂದಕ್ಕೆ ಸಿದ್ಧರೆಂಬುದಕ್ಕೆ ಸಾಕ್ಷ್ಯವಿದೆ. 2022ರ ಮೊದಲ ಸುತ್ತಿನಲ್ಲಿ ಮುಸ್ಲಿಮ್ ಮತದಾರರ ಪೈಕಿ ಶೇ. 69ರಷ್ಟು ಮಂದಿ ಮೆಲೆನ್‌ಶೋನ್‌ರಿಗೆ ಮತ ಹಾಕಿದ್ದರೆಂದು ಇಫೋಪ್ ಸಮೀಕ್ಷೆ ತಿಳಿಸಿತ್ತು. ಮೆಲೆನ್‌ಶೋನ್ ಮುಸ್ಲಿಮರಲ್ಲ, ಧಾರ್ಮಿಕರೂ ಅಲ್ಲ, ಕಟ್ಟಾ ಜಾತ್ಯತೀತವಾದಿ. ಮತ ಹಾಕಿದವರು ಅವರ ನಂಬಿಕೆಯನ್ನು ನೋಡಲಿಲ್ಲ. ಆದರೂ ಅವರು ಎರಡನೇ ಸುತ್ತಿಗೆ ತಲುಪಲು ಸುಮಾರು 4 ಲಕ್ಷ 20 ಸಾವಿರ ಮತಗಳ ಕೊರತೆಯಾಯಿತು. ಕಮ್ಯುನಿಸ್ಟ್, ಹಸಿರು ಹಾಗೂ ಸಮಾಜವಾದಿ ಅಭ್ಯರ್ಥಿಗಳು ಹಂಚಿಕೊಂಡ ಮತಗಳು ಶೇ. 8ಕ್ಕೂ ಹೆಚ್ಚು. ಮತ್ತೊಮ್ಮೆ 2002. ಆದರೆ ಮೆಲೆನ್‌ಶೋನ್‌ರ ಪಾಲಿನ ತಪ್ಪನ್ನೂ ಮರೆಮಾಚಬಾರದು: ಜೊತೆಗಾರ ಪಕ್ಷಗಳನ್ನು ಸಮಾನರೆಂದು ಕಾಣದ, ಭಿನ್ನಮತಕ್ಕೆ ಬಾಗಿಲು ತೋರಿಸುವ ಅವರ ಶೈಲಿಯೂ ಈ ಒಡಕಿಗೆ ಕಾರಣ.

2027ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಮತ್ತೆ ಅಧ್ಯಕ್ಷರನ್ನು ಆರಿಸಬೇಕಿದೆ. ಮ್ಯಾಕ್ರನ್ ಸತತ ಮೂರನೇ ಬಾರಿ ಸ್ಪರ್ಧಿಸುವಂತಿಲ್ಲ. ಸಾರ್ವಜನಿಕ ಸ್ಥಳಗಳಲ್ಲೆಲ್ಲ ಶಿರವಸ್ತ್ರ ನಿಷೇಧಿಸಿ ದಂಡ ವಿಧಿಸುವುದಾಗಿ 2022ರಲ್ಲಿ ಹೇಳಿದ್ದ ಪಕ್ಷ ಈ ಬಾರಿ ಎಂದಿಗಿಂತಲೂ ಬಲಿಷ್ಠವಾಗಿ ಕಣಕ್ಕಿಳಿಯುತ್ತಿದೆ.

2004ರಲ್ಲಿ ಶಾಲಾ ದ್ವಾರದಲ್ಲಿ ಶಿರವಸ್ತ್ರ ತೆಗೆದು ಒಳಹೋದ ಹನ್ನೆರಡರ ಬಾಲಕಿಗೆ ಅಂದು ಮೂವತ್ತೈದು ವರ್ಷ. ಬಹುಶಃ ಅವಳ ಮಗಳೂ ಅದೇ ಶಾಲೆಗೆ ಹೋಗುತ್ತಿರಬಹುದು. ಫ್ರಾನ್ಸಿನ ಮತಗಟ್ಟೆಯಲ್ಲಿ ಮೇಜಿನ ಮೇಲೆ ಪ್ರತಿ ಅಭ್ಯರ್ಥಿಯ ಹೆಸರಿನ ಒಂದೊಂದು ಚೀಟಿಯ ಕಟ್ಟು ಇರುತ್ತದೆ. ಮತದಾರರು ಕೆಲವನ್ನು ಎತ್ತಿಕೊಂಡು ಪರದೆಯ ಮರೆಗೆ ಹೋಗಿ, ಒಂದನ್ನು ಲಕೋಟೆಗೆ ಹಾಕಿ, ಉಳಿದವನ್ನು ಕಸದ ಬುಟ್ಟಿಗೆಸೆಯುತ್ತಾರೆ. ಅವಳೂ ಆ ಮೇಜಿನ ಮುಂದೆ ನಿಲ್ಲುತ್ತಾಳೆ. ಲೆ ಪೆನ್ ಪಕ್ಷದ ಚೀಟಿ ಒಂದೇ ಇರುತ್ತದೆ. ಅದನ್ನು ತಡೆಯುತ್ತೇವೆನ್ನುವವರ ಚೀಟಿಗಳು ಎಷ್ಟಿರುತ್ತವೆ, ಅವುಗಳಲ್ಲಿ ಯಾವುದರ ಮೇಲೆ 2004ರಲ್ಲಿ ಅವಳ ಪರವಾಗಿ ಕೈಯೆತ್ತಿದವರ ಹೆಸರಿರುತ್ತದೆ?